ಸರ್ಕಾರದ ಖರ್ಚಿನಲ್ಲಿ ವಕೀಲರು: ಉಚಿತ ಕಾನೂನು ನೆರವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

"ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ" ಎಂಬ ಮಾತು ನಮ್ಮಲ್ಲಿ ಸುಮ್ನೆ ಹುಟ್ಟಿದ್ದಲ್ಲ. ವಕೀಲರ ಫೀಸು, ಕೋರ್ಟ್ ಫೀ, ನಕಲು ತೆಗೆಸುವ ಖರ್ಚು, ಪ್ರತಿ ತಾರೀಖಿಗೂ ಬಸ್ ಚಾರ್ಜು, ಜೊತೆಗೆ ಆ ದಿನದ ಕೂಲಿಯೂ ಹೋಯಿತು. ಇದಕ್ಕೆ ಹೆದರಿ ಎಷ್ಟೋ ಜನ ನ್ಯಾಯ ತಮ್ಮ ಕಡೆ ಇದ್ದರೂ ಸುಮ್ಮನಾಗುತ್ತಾರೆ. ಇದರಲ್ಲಿ ದೊಡ್ಡ ಪಾಲು ಖರ್ಚನ್ನು ಸರ್ಕಾರವೇ ಹೊರುವ ವ್ಯವಸ್ಥೆ ಎಲ್ಲ ತಾಲ್ಲೂಕುಗಳಲ್ಲೂ ಇದೆ. ಅದರ ಬಗ್ಗೆ ಕರ್ನಾಟಕದ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇವೆ.

ಇದು ಯಾರಾದರೂ ಸಂಘದವರು ಮಾಡುವ ಸಹಾಯವಾ, ಸರ್ಕಾರದ್ದಾ?

ಕಾನೂನಿನ ಪ್ರಕಾರ ನಡೆಯುವ ವ್ಯವಸ್ಥೆ ಇದು. 1976ರಲ್ಲಿ ಸಂವಿಧಾನಕ್ಕೆ 39ಎ ವಿಧಿ ಸೇರಿತು. ಬಡತನದಿಂದಾಗಿ ಯಾರಿಗೂ ನ್ಯಾಯ ತಪ್ಪಬಾರದು, ಅದಕ್ಕೆ ಸರ್ಕಾರ ಉಚಿತ ಕಾನೂನು ನೆರವು ಕೊಡಬೇಕು ಅಂತ ಅದು ಹೇಳುತ್ತದೆ. ಇದನ್ನು ಜಾರಿ ಮಾಡಲು 1987ರಲ್ಲಿ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಬಂತು. ಕಾಯ್ದೆ ಪಾಸಾದರೂ ಜಾರಿಗೆ ಬಂದಿದ್ದು 1995ರ ನವೆಂಬರ್ 9ಕ್ಕೆ. ಎಂಟು ವರ್ಷ ಕಡತದಲ್ಲೇ ಮಲಗಿತ್ತು ಅನ್ನಿ. ಈಗ ಪ್ರತಿ ವರ್ಷ ನವೆಂಬರ್ 9ನ್ನು ಕಾನೂನು ಸೇವೆಗಳ ದಿನ ಅಂತ ಆಚರಿಸುತ್ತಾರೆ.

ದೆಹಲಿಯಲ್ಲಿ ರಾಷ್ಟ್ರೀಯ ಪ್ರಾಧಿಕಾರ ಇದೆ, ಅದನ್ನು ನಾಲ್ಸಾ ಅಂತ ಕರೆಯುತ್ತಾರೆ. ನಮ್ಮ ರಾಜ್ಯ ಪ್ರಾಧಿಕಾರದ ಕಚೇರಿ ಇರುವುದು ಬೆಂಗಳೂರಿನ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ. ಅದರ ಕೆಳಗೆ ಪ್ರತಿ ಜಿಲ್ಲೆಗೆ ಒಂದು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲ್ಲೂಕು ಮಟ್ಟದಲ್ಲಿ ತಾಲ್ಲೂಕು ಕಾನೂನು ಸೇವೆಗಳ ಸಮಿತಿ ಇವೆ. ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾ ನ್ಯಾಯಾಧೀಶರೇ ಅಧ್ಯಕ್ಷರು. ದಿನನಿತ್ಯದ ಕೆಲಸ ನೋಡುವ ಸದಸ್ಯ ಕಾರ್ಯದರ್ಶಿ ಕೂಡ ಒಬ್ಬ ನ್ಯಾಯಾಧೀಶರು. ಅಂದರೆ ನೀವು ಮಾತಾಡುವುದು ಗುಮಾಸ್ತರ ಹತ್ತಿರ ಮಾತ್ರ ಅಲ್ಲ. ಸಮಸ್ಯೆ ಗಂಭೀರವಾಗಿದ್ದರೆ ನೇರವಾಗಿ ಕಾರ್ಯದರ್ಶಿಯವರನ್ನೇ ಕಂಡು ಮಾತಾಡಬಹುದು.

ಯಾರಿಗೆಲ್ಲ ಸಿಗುತ್ತದೆ? ಬಡವರಿಗೆ ಮಾತ್ರ ಅಲ್ವಾ?

ಅಲ್ಲ. ಜಾಸ್ತಿ ಜನ ತಪ್ಪು ತಿಳಿದಿರುವುದು ಇದನ್ನೇ. ಕಾಯ್ದೆಯ 12ನೇ ಕಲಂ ಓದಿದರೆ, ಬಡತನ ಎಂಟು ಬಾಗಿಲುಗಳಲ್ಲಿ ಒಂದು ಅಷ್ಟೇ.

ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ಮಹಿಳೆಯರು, ಮಕ್ಕಳು, ಅಂಗವಿಕಲರು ಮತ್ತು ಮಾನಸಿಕ ಕಾಯಿಲೆ ಇರುವವರು, ಕಾರ್ಖಾನೆ ಕಾರ್ಮಿಕರು, ಮಾನವ ಸಾಗಣೆಗೆ ಅಥವಾ ಬಿಟ್ಟಿ ಚಾಕರಿಗೆ ಸಿಕ್ಕಿ ನರಳಿದವರು, ಇವರಾರಿಗೂ ಆದಾಯದ ಮಿತಿ ಇಲ್ಲ. ನೆರೆ, ಬರ, ಭೂಕಂಪ, ಕೈಗಾರಿಕಾ ದುರಂತ, ಜಾತಿ ದೌರ್ಜನ್ಯ, ಗಲಭೆಗಳಲ್ಲಿ ನೊಂದವರಿಗೂ ಇಲ್ಲ. ಪೊಲೀಸ್ ವಶದಲ್ಲಿ, ಜೈಲಿನಲ್ಲಿ, ಬಾಲಮಂದಿರದಲ್ಲಿ, ಮಾನಸಿಕ ಆಸ್ಪತ್ರೆಯಲ್ಲಿ ಇರುವವರಿಗೂ ಇಲ್ಲ.

ಈ ಯಾವ ಗುಂಪಿಗೂ ಸೇರದಿದ್ದರೆ ಮಾತ್ರ ಆದಾಯ ನೋಡುತ್ತಾರೆ. ಕರ್ನಾಟಕದಲ್ಲಿ ಆ ಮಿತಿ ವರ್ಷಕ್ಕೆ 3 ಲಕ್ಷ ರೂಪಾಯಿ. ಸುಪ್ರೀಂ ಕೋರ್ಟಿನ ಕೇಸುಗಳಿಗೆ 5 ಲಕ್ಷ. ಹಿಂದೆ ನಮ್ಮ ರಾಜ್ಯದ ಮಿತಿ 1 ಲಕ್ಷ ಇತ್ತು. ಆಗ ಕೇಳಿ "ನಮಗೆ ಬರಲ್ಲ" ಅಂತ ವಾಪಸ್ ಬಂದವರು ಈಗ ಇನ್ನೊಮ್ಮೆ ಕೇಳಬಹುದು.

ನನ್ನ ಗಂಡನಿಗೆ ಒಳ್ಳೆ ಸಂಬಳ ಇದೆ. ಆದರೂ ನನಗೆ ಸಿಗುತ್ತಾ?

ಸಿಗುತ್ತದೆ. ಮಹಿಳೆ ಅನ್ನುವುದೇ ಸಾಕು. ಗಂಡನ ಸಂಬಳ, ತವರಿನ ಜಮೀನು, ನಿಮ್ಮದೇ ನೌಕರಿ ಯಾವುದೂ ಅಡ್ಡ ಬರಲ್ಲ. "ಶ್ರೀಮಂತ ಹೆಂಗಸರಿಗೂ ಯಾಕೆ ಕೊಡಬೇಕು?" ಅಂತ ಕೇಳುವವರಿದ್ದಾರೆ. ನಮ್ಮ ಮನೆಗಳಲ್ಲಿ ಆಸ್ತಿ ಇರುವುದು ಯಾರ ಹೆಸರಲ್ಲಿ, ಬ್ಯಾಂಕಿನ ಎಟಿಎಂ ಕಾರ್ಡ್ ಯಾರ ಜೇಬಲ್ಲಿ ಅಂತ ನೋಡಿದರೆ ಉತ್ತರ ಸಿಗುತ್ತದೆ. ಗಂಡ ಲಕ್ಷ ದುಡಿದರೂ ಅವನ ಮೇಲೇ ಕೇಸು ಹಾಕುವ ದಿನ ಹೆಂಡತಿಯ ಕೈಯಲ್ಲಿ ನೂರು ರೂಪಾಯಿ ಇರದೆ ಇರಬಹುದು.

ಜೀವನಾಂಶ, ಕೌಟುಂಬಿಕ ದೌರ್ಜನ್ಯ, ಮಕ್ಕಳನ್ನು ಯಾರು ನೋಡಿಕೊಳ್ಳಬೇಕು ಎಂಬ ಜಗಳ, ಎಲ್ಲಕ್ಕೂ ಈ ನೆರವು ಇದೆ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ ಪ್ರಕಾರ, ದೂರು ಬಂದಾಗ ಪೊಲೀಸರು ಅಥವಾ ಸಂರಕ್ಷಣಾಧಿಕಾರಿ "ನಿಮಗೆ ಉಚಿತ ವಕೀಲರು ಸಿಗುತ್ತಾರೆ" ಅಂತ ಆ ಹೆಣ್ಣುಮಗಳಿಗೆ ಹೇಳಲೇಬೇಕು. ಹೇಳದಿದ್ದರೆ ನೀವೇ ಕೇಳಿ.

ಅಪ್ಪನ ಜಮೀನಿನಲ್ಲಿ ಪಾಲು ಕೇಳುವುದಕ್ಕೂ ಬಳಸಬಹುದಾ? ಅಣ್ಣಂದಿರು ಕೊಡುತ್ತಿಲ್ಲ.

ಖಂಡಿತ. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಪಾಲು ಇದೆ ಅಂತ ಕರ್ನಾಟಕ 1994ರಲ್ಲೇ ತಿದ್ದುಪಡಿ ತಂದಿತ್ತು. ಆಗ ಮದುವೆಯಾಗಿದ್ದವರನ್ನು ಹೊರಗಿಟ್ಟಿತ್ತು. ಇಡೀ ದೇಶಕ್ಕೆ 2005ರಲ್ಲಿ ಬಂದ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೂ ಮಗಳ ಹಕ್ಕು ಹೋಗಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ 2004ರ ಡಿಸೆಂಬರ್ 20ಕ್ಕೆ ಮುಂಚೆಯೇ ರಿಜಿಸ್ಟರ್ ಮೂಲಕ ಅಥವಾ ಕೋರ್ಟ್ ಡಿಕ್ರಿ ಮೂಲಕ ವಿಭಾಗ ಆಗಿಹೋಗಿದ್ದರೆ ಲೆಕ್ಕ ಬೇರೆ. ಅದಕ್ಕೇ ಪಹಣಿ, ವಂಶವೃಕ್ಷ, ಹಳೆ ಪಾಲುಪಟ್ಟಿ ಏನಿದೆಯೋ ಎಲ್ಲ ತೆಗೆದುಕೊಂಡು ಹೋಗಿ. ದಾವೆ ಹಾಕುವ ಮೊದಲು ಪ್ರಾಧಿಕಾರದಲ್ಲೇ ಅಣ್ಣಂದಿರಿಗೆ ನೋಟಿಸ್ ಕೊಟ್ಟು ಮಾತುಕತೆಗೆ ಕರೆಸಬಹುದು. ನ್ಯಾಯಾಧೀಶರ ಕಚೇರಿಯಿಂದ ಕಾಗದ ಬಂದಾಗ "ಅರಿಶಿನ ಕುಂಕುಮಕ್ಕೆ ಸೈನ್ ಹಾಕಿಬಿಡಮ್ಮ" ಅನ್ನುವ ದನಿ ಸ್ವಲ್ಪ ಬದಲಾಗುತ್ತದೆ.

ಆದಾಯ ಪ್ರಮಾಣಪತ್ರ, ಬಿಪಿಎಲ್ ಕಾರ್ಡ್ ಇಲ್ಲದಿದ್ದರೆ ಕಷ್ಟವಾ?

ಆದಾಯದ ಮೇಲೆ ಅರ್ಜಿ ಹಾಕುವವರು ನನ್ನ ಆದಾಯ ಇಷ್ಟು ಅಂತ ಅಫಿಡವಿಟ್ ಕೊಟ್ಟರೂ ಸಾಕು, ಸುಳ್ಳು ಅನ್ನಲು ಕಾರಣ ಇಲ್ಲದಿದ್ದರೆ ಅದನ್ನೇ ಒಪ್ಪಬಹುದು ಅಂತ ಕಾಯ್ದೆಯೇ ಹೇಳುತ್ತದೆ. ಪ್ರಮಾಣಪತ್ರ ಇದ್ದರೆ ಕೆಲಸ ಸಲೀಸು. ಆದರೆ ಅದನ್ನು ಮಾಡಿಸಲು ನಾಡಕಚೇರಿಗೆ ಅಲೆದು ಅಲೆದು ಕೋರ್ಟಿನ ತಾರೀಖು ತಪ್ಪಿಸಿಕೊಳ್ಳಬೇಡಿ. ಮೊದಲು ಅರ್ಜಿ ಕೊಡಿ, ಕಾಗದ ಆಮೇಲೆ ಸೇರಿಸಿ. ಮಹಿಳೆಯರು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಆದಾಯದ ಕಾಗದ ತೋರಿಸುವ ಪ್ರಶ್ನೆಯೇ ಇಲ್ಲ.

ಅರ್ಜಿ ಎಲ್ಲಿ ಕೊಡಬೇಕು?

ನಿಮ್ಮ ತಾಲ್ಲೂಕು ಕೋರ್ಟಿನ ಆವರಣಕ್ಕೆ ಹೋಗಿ "ಕಾನೂನು ಸೇವಾ ಸಮಿತಿ ಎಲ್ಲಿ?" ಅಂತ ಕೇಳಿ, ಯಾರಾದರೂ ತೋರಿಸುತ್ತಾರೆ. ಜಿಲ್ಲಾ ಕೋರ್ಟಿನಲ್ಲೂ ಹಾಗೆಯೇ. ಬರೆಯಲು ಬರದವರು ಬಾಯಲ್ಲಿ ಹೇಳಿದರೂ ಆಯಿತು, ಅಲ್ಲಿರುವವರೇ ಬರೆದುಕೊಂಡು ಹೆಬ್ಬೆಟ್ಟು ಹಾಕಿಸಿಕೊಳ್ಳಬೇಕು. ನಾಲ್ಸಾದ ವೆಬ್‌ಸೈಟಿನಲ್ಲಿ ಆನ್‌ಲೈನ್ ಅರ್ಜಿ ಇದೆ. 15100 ಎಂಬ ಸಹಾಯವಾಣಿ ದೇಶದ ಎಲ್ಲ ಕಡೆಯೂ ಉಚಿತ.

ಜೊತೆಗೆ ಗುರುತಿನ ಚೀಟಿ, ಕೇಸಿಗೆ ಸಂಬಂಧಿಸಿದ ಕಾಗದಗಳ ಜೆರಾಕ್ಸ್, ಕೋರ್ಟಿನಿಂದ ಬಂದ ಸಮನ್ಸ್ ಅಥವಾ ನೋಟಿಸ್ ಇರಲಿ. ಸಮನ್ಸ್ ಬಂದಿದ್ದರೆ ತಡ ಮಾಡಲೇಬೇಡಿ. ಸಿವಿಲ್ ದಾವೆಯಲ್ಲಿ ನಿಮ್ಮ ಉತ್ತರ 30 ದಿನದೊಳಗೆ ಕೋರ್ಟಿಗೆ ಹೋಗಬೇಕು. ಕೋರ್ಟ್ ಒಪ್ಪಿದರೆ 90 ದಿನದವರೆಗೆ ಸಮಯ ಸಿಗಬಹುದು. ನೀವು ಹೋಗದೇ ಇದ್ದರೆ ಎಕ್ಸ್‌ಪಾರ್ಟಿ ಮಾಡಿ, ಅಂದರೆ ನಿಮ್ಮ ಮಾತು ಕೇಳದೆಯೇ, ನಿಮ್ಮ ವಿರುದ್ಧ ತೀರ್ಪು ಬರಬಹುದು. ಎಲ್ಲ ಮುಗಿದ ಮೇಲೆ ಬಂದವರಿಗೂ ಪ್ರಾಧಿಕಾರ ವಕೀಲರನ್ನು ಕೊಡುತ್ತದೆ. ಆದರೆ ಆಗ ಆ ವಕೀಲರ ಅರ್ಧ ಶ್ರಮ ತಡ ಯಾಕಾಯಿತು ಅಂತ ಕೋರ್ಟಿಗೆ ವಿವರಿಸುವುದರಲ್ಲೇ ಹೋಗುತ್ತದೆ.

ಎಷ್ಟು ದಿನದಲ್ಲಿ ತೀರ್ಮಾನ ಹೇಳಬೇಕು? ಆಗಲ್ಲ ಅಂದರೆ?

ನಾಲ್ಸಾ 2010ರಲ್ಲಿ ಮಾಡಿದ ನಿಯಮಗಳ ಪ್ರಕಾರ ಸಾಧ್ಯವಾದಷ್ಟೂ ತಕ್ಷಣ, ಹೆಚ್ಚೆಂದರೆ 7 ದಿನ. ಅರ್ಜಿ ತಿರಸ್ಕರಿಸಿದರೆ ಅದೇ ಸಂಸ್ಥೆಯ ಅಧ್ಯಕ್ಷರಿಗೆ ಮೇಲ್ಮನವಿ ಕೊಡಬಹುದು. ಬಾಯಿಮಾತಿನಲ್ಲಿ "ಆಗಲ್ಲ ಹೋಗಿ" ಅಂದರೆ ಒಪ್ಪಬೇಡಿ, ಬರೆದು ಕೊಡಿ ಅನ್ನಿ. ನಿಮ್ಮ ಕೇಸಿನಲ್ಲಿ ಮೇಲ್ನೋಟಕ್ಕಾದರೂ ಹುರುಳು ಇರಬೇಕು ಅನ್ನುವ ಷರತ್ತು ಕಾಯ್ದೆಯಲ್ಲಿದೆ. ಹಾಗಾಗಿ ಪಕ್ಕದ ಮನೆಯವರ ಮೇಲಿನ ಹಟಕ್ಕೆ ಹಾಕುವ ಕೇಸುಗಳಿಗೆ ಇಲ್ಲ ಅನ್ನಬಹುದು.

ಏನೇನು ಉಚಿತ?

ವಕೀಲರ ಫೀಸು, ಕೋರ್ಟ್ ಫೀ, ಸಮನ್ಸ್ ಕಳಿಸುವ ಖರ್ಚು, ದಾವೆ ಮತ್ತು ಅರ್ಜಿ ಬರೆಸುವುದು, ತೀರ್ಪಿನ ನಕಲು, ಬೇಕಾದಾಗ ಅನುವಾದ, ಮೇಲ್ಮನವಿಗೆ ಕಾಗದಪತ್ರ ಸಿದ್ಧ ಮಾಡುವುದು. ಕೇಸು ಹಾಕದೆ ಬರೀ ಸಲಹೆ ಬೇಕಿದ್ದರೂ ಕೊಡುತ್ತಾರೆ. ನಿಮ್ಮ ಬಸ್ ಚಾರ್ಜು ಮತ್ತು ತಪ್ಪಿದ ಕೂಲಿ ಮಾತ್ರ ನಿಮ್ಮ ಮೇಲೇ. ಇದನ್ನು ಯಾರೂ ಬಾಯಿ ಬಿಟ್ಟು ಹೇಳಲ್ಲ, ಆದರೆ ಹಳ್ಳಿಯಿಂದ ಬರುವವರಿಗೆ ಅದೇ ದೊಡ್ಡ ಖರ್ಚು.

ಪುಕ್ಕಟೆ ವಕೀಲರು ಚೆನ್ನಾಗಿ ವಾದ ಮಾಡುತ್ತಾರಾ?

ನಿಜ ಹೇಳಬೇಕು ಅಂದರೆ, ಎಲ್ಲರೂ ಒಂದೇ ಥರ ಇರಲ್ಲ. ಪಟ್ಟಿಯಲ್ಲಿರುವ ವಕೀಲರಿಗೆ, ಅಂದರೆ ಪ್ಯಾನೆಲ್ ವಕೀಲರಿಗೆ, ಕನಿಷ್ಠ 3 ವರ್ಷದ ಅನುಭವ ಇರಬೇಕು. ಅವರು ತಮ್ಮ ಸ್ವಂತ ಕೇಸುಗಳ ಜೊತೆಗೆ ಈ ಕೇಸುಗಳನ್ನೂ ನೋಡುತ್ತಾರೆ. ಪ್ರಾಧಿಕಾರ ಅವರಿಗೆ ಕೊಡುವ ಹಣ ಹೊರಗಿನ ಫೀಸಿಗಿಂತ ತುಂಬಾ ಕಡಿಮೆ. ಕೆಲವರು ಇದನ್ನು ಕರ್ತವ್ಯ ಅಂತ ತಿಳಿದು ಜೀವ ಹಾಕಿ ದುಡಿಯುತ್ತಾರೆ. ಇನ್ನು ಕೆಲವರಿಗೆ ಇದು ಕಡೆಯಲ್ಲಿ ನೋಡುವ ಫೈಲು. ಸಮಸ್ಯೆಯ ಬೇರು ಇರುವುದು ಆ ಕಡಿಮೆ ಫೀಸಿನಲ್ಲೇ. ಫೀಸು ಏರಿಸದೆ ಬರೀ ಶಿಬಿರ, ಭಾಷಣ, ಬ್ಯಾನರಿಗೆ ದುಡ್ಡು ಹಾಕಿದರೆ ಹೆಚ್ಚೇನೂ ಬದಲಾಗಲ್ಲ.

ಕ್ರಿಮಿನಲ್ ಕೇಸುಗಳಲ್ಲಿ ಈಗ ಬೇರೆ ಪ್ರಯತ್ನ ನಡೆದಿದೆ. 2022ರ ನಾಲ್ಸಾ ಯೋಜನೆಯಡಿ ಹಲವು ಜಿಲ್ಲೆಗಳಲ್ಲಿ ಪೂರ್ಣಾವಧಿ ರಕ್ಷಣಾ ವಕೀಲರ ಕಚೇರಿ ತೆರೆದಿದ್ದಾರೆ. ಅಲ್ಲಿ ಮುಖ್ಯ ವಕೀಲರು, ಉಪ ವಕೀಲರು, ಸಹಾಯಕ ವಕೀಲರು ಅಂತ ಇರುತ್ತಾರೆ. ಇವರು ಹೊರಗಿನ ಕೇಸು ಹಿಡಿಯುವಂತಿಲ್ಲ. ಸರ್ಕಾರದ ಕಡೆ ಪಬ್ಲಿಕ್ ಪ್ರಾಸಿಕ್ಯೂಟರ್ ಇರುವ ಹಾಗೆ ಆರೋಪಿಯ ಕಡೆ ಇವರು. ಜೀವಾವಧಿ ಅಥವಾ ಗಲ್ಲು ಶಿಕ್ಷೆ ಆಗಬಹುದಾದ ಕೇಸಿಗೆ ಕನಿಷ್ಠ 10 ವರ್ಷ ಅನುಭವ ಇರುವವರನ್ನೇ ಕೊಡಬೇಕು, ಅವರಿಗೆ ಕೇಸು ಓದಿಕೊಳ್ಳಲು ಸಾಮಾನ್ಯವಾಗಿ ಕನಿಷ್ಠ 7 ದಿನ ಸಮಯ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿತು. ಅದಕ್ಕೆ ಮೊದಲು, ಬೆಳಿಗ್ಗೆ ನೇಮಕವಾದ ವಕೀಲರು ಅದೇ ದಿನ ವಾದ ಮಾಡಿದ ಉದಾಹರಣೆಯೂ ಇತ್ತು.

ನೀವು ಮಾಡಬಹುದಾದ್ದು ಏನು? ವಕೀಲರ ಹೆಸರು, ಫೋನ್ ನಂಬರ್, ಕೇಸ್ ನಂಬರ್ ಬರೆದಿಟ್ಟುಕೊಳ್ಳಿ. ಪ್ರತಿ ತಾರೀಖಿನ ಹಿಂದಿನ ದಿನ ಒಂದು ಫೋನ್ ಮಾಡಿ. ಕೇಸು ಎಲ್ಲಿಗೆ ಬಂತು ಅಂತ ಇ-ಕೋರ್ಟ್ಸ್ ಆ್ಯಪ್‌ನಲ್ಲಿ ನೀವೇ ನೋಡಬಹುದು. ವಕೀಲರು ಸತತವಾಗಿ ಹಾಜರಾಗುತ್ತಿಲ್ಲ ಅಂದರೆ ಬದಲಾಯಿಸಿ ಕೊಡಿ ಅಂತ ಕಾರ್ಯದರ್ಶಿಗೆ ಅರ್ಜಿ ಕೊಡಿ. ಇಂಥದ್ದನ್ನೇ ನೋಡಲು ಜಿಲ್ಲಾ ಮತ್ತು ತಾಲ್ಲೂಕು ಮಟ್ಟದಲ್ಲಿ ಮೇಲ್ವಿಚಾರಣಾ ಸಮಿತಿ ಇದೆ. ಪುಕ್ಕಟೆ ಸಿಕ್ಕಿದ್ದಕ್ಕೆ ದೂರು ಹೇಗೆ ಕೊಡೋದು ಅನ್ನುವ ಸಂಕೋಚ ಬೇಡ. ಅವರ ಫೀಸು ಹೋಗುವುದು ನಿಮ್ಮ ತೆರಿಗೆಯಿಂದಲೇ.

ವಕೀಲರು ನನ್ನ ಹತ್ತಿರವೂ ದುಡ್ಡು ಕೇಳಿದರೆ?

ಕೊಡಬೇಡಿ. "ಟೈಪಿಂಗಿಗೆ", "ಗುಮಾಸ್ತರಿಗೆ" ಅಂತ ಕೇಳಿದರೂ ಕೊಡಬೇಡಿ. ಪ್ಯಾನೆಲ್ ವಕೀಲರು ನೆರವು ಪಡೆದವರಿಂದ ಫೀಸಾಗಲಿ ಬೇರೆ ಲಾಭವಾಗಲಿ ಪಡೆಯುವಂತಿಲ್ಲ ಅಂತ ನಿಯಮ ಇದೆ. ಕಾರ್ಯದರ್ಶಿಗೆ ಲಿಖಿತ ದೂರು ಕೊಟ್ಟರೆ ಅವರ ಹೆಸರನ್ನು ಪಟ್ಟಿಯಿಂದ ತೆಗೆಯಬಹುದು. ಹಾಗೆಯೇ ನೀವು ಸುಳ್ಳು ಮಾಹಿತಿ ಕೊಟ್ಟಿದ್ದರೆ, ಹೇಳದೆ ಬೇರೆ ವಕೀಲರನ್ನು ಇಟ್ಟುಕೊಂಡರೆ, ನಿಮಗೆ ಕೊಟ್ಟ ನೆರವನ್ನೂ ನಿಲ್ಲಿಸಬಹುದು.

ಮಗನನ್ನು ಪೊಲೀಸರು ಹಿಡಿದುಕೊಂಡು ಹೋಗಿದ್ದಾರೆ. ಈಗಲೇ ವಕೀಲರು ಸಿಗುತ್ತಾರಾ?

ಸಿಗಬೇಕು. ವಶದಲ್ಲಿರುವ ವ್ಯಕ್ತಿಗೆ ಆದಾಯ ಎಷ್ಟೇ ಇರಲಿ ಈ ಹಕ್ಕು ಇದೆ. ತಕ್ಷಣ 15100ಕ್ಕೆ ಕರೆ ಮಾಡಿ, ಅಥವಾ ಜಿಲ್ಲಾ ಪ್ರಾಧಿಕಾರಕ್ಕೆ ಹೋಗಿ, ಯಾವ ಠಾಣೆ, ಯಾವಾಗ ಹಿಡಿದರು ಅಂತ ಹೇಳಿ. ಬಂಧಿಸಿದ 24 ಗಂಟೆಯೊಳಗೆ, ದಾರಿಯ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು. ಆ ಮೊದಲ ದಿನವೇ ವಕೀಲರು ಪಕ್ಕದಲ್ಲಿ ನಿಂತಿದ್ದರೆ ಜಾಮೀನಿನ ಮಾತು ಅಲ್ಲೇ ಎತ್ತಬಹುದು, ಹೊಡೆದಿದ್ದರೆ ಗಾಯ ತೋರಿಸಿ ದಾಖಲು ಮಾಡಿಸಬಹುದು. ಅದಕ್ಕೇ ಕೋರ್ಟುಗಳಲ್ಲಿ ರಿಮಾಂಡ್ ವಕೀಲರು ಅಂತ ಇರುತ್ತಾರೆ.

ಈ ಹಕ್ಕು ಸುಲಭವಾಗಿ ಬಂದಿದ್ದಲ್ಲ. 1979ರಲ್ಲಿ ಬಿಹಾರದ ಜೈಲುಗಳ ಸ್ಥಿತಿ ಸುಪ್ರೀಂ ಕೋರ್ಟಿನ ಮುಂದೆ ಬಂತು. ತಮ್ಮ ಅಪರಾಧಕ್ಕೆ ಇದ್ದ ಗರಿಷ್ಠ ಶಿಕ್ಷೆಗಿಂತ ಜಾಸ್ತಿ ದಿನ ವಿಚಾರಣೆಯೇ ಇಲ್ಲದೆ ಒಳಗಿದ್ದವರು ಅಲ್ಲಿದ್ದರು. ಹುಸೇನಾರಾ ಖಾತೂನ್ ಪ್ರಕರಣ ಅಂತಲೇ ಅದು ಹೆಸರಾಯಿತು. ಬಡ ಆರೋಪಿಗೆ ಉಚಿತ ವಕೀಲರನ್ನು ಕೊಡುವುದು 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಅಂತ ಕೋರ್ಟ್ ಹೇಳಿತು. 1981ರಲ್ಲಿ, ಬಿಹಾರದ ಭಾಗಲ್ಪುರದಲ್ಲಿ ಕೈದಿಗಳನ್ನು ಕುರುಡು ಮಾಡಿದ ಘೋರ ಪ್ರಕರಣದಲ್ಲಿ, ಮೊದಲ ಸಲ ಹಾಜರುಪಡಿಸಿದಾಗಲೇ ಮ್ಯಾಜಿಸ್ಟ್ರೇಟರು ಈ ಹಕ್ಕಿನ ಬಗ್ಗೆ ಆರೋಪಿಗೆ ತಿಳಿಸಬೇಕು ಅಂತು. 1986ರಲ್ಲಿ ಇನ್ನೂ ಒಂದು ಹೆಜ್ಜೆ: ಆರೋಪಿ ಕೇಳಲಿಲ್ಲ ಅನ್ನುವುದು ನೆಪ ಆಗಲ್ಲ. ವಕೀಲರಿಲ್ಲದೆ ನಡೆದ ವಿಚಾರಣೆಯಲ್ಲಿ ಕೊಟ್ಟ ಶಿಕ್ಷೆಯನ್ನೇ ಕೋರ್ಟ್ ರದ್ದು ಮಾಡಿತು. ಕಾನೂನಿನ ಗಂಧಗಾಳಿ ಇಲ್ಲದವನು ತನಗೆ ಗೊತ್ತೇ ಇಲ್ಲದ ಹಕ್ಕನ್ನು ಹೇಗೆ ಕೇಳುತ್ತಾನೆ, ಅಲ್ವಾ?

ಜಾಮೀನು ಸಿಕ್ಕಿದೆ, ಆದರೆ ಶೂರಿಟಿ ಕೊಡಲು ಯಾರೂ ಇಲ್ಲ. ಒಳಗೇ ಇದ್ದಾನೆ.

ಇದು ಬಡವರ ಪಾಲಿನ ದೊಡ್ಡ ಬಲೆ. ಜಾಮೀನಿನ ಆದೇಶ ಕೈಯಲ್ಲಿದ್ದರೂ ಪಹಣಿ ಇರುವ ಶೂರಿಟಿದಾರ ಸಿಗದೆ ತಿಂಗಳುಗಟ್ಟಲೆ ಕೊಳೆಯುತ್ತಾರೆ. ಸುಪ್ರೀಂ ಕೋರ್ಟ್ 2023ರ ಜನವರಿಯಲ್ಲಿ ಇದಕ್ಕೆ ನಿರ್ದೇಶನ ಕೊಟ್ಟಿದೆ. ಜಾಮೀನು ಸಿಕ್ಕಿ 7 ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲಿನ ಅಧಿಕಾರಿ ಜಿಲ್ಲಾ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಅವರು ವಕೀಲರನ್ನೋ ಸ್ವಯಂಸೇವಕರನ್ನೋ ಕಳಿಸಿ ವಿಚಾರಿಸಬೇಕು. ಒಂದು ತಿಂಗಳಾದರೂ ಶೂರಿಟಿ ಕೊಡಲು ಆಗದಿದ್ದರೆ ಷರತ್ತು ಸಡಿಲಿಸುವುದನ್ನು ಕೋರ್ಟ್ ತಾನಾಗಿಯೇ ಪರಿಶೀಲಿಸಬಹುದು. ನೀವು ಹೊರಗಿನಿಂದ ಅರ್ಜಿ ಕೊಟ್ಟರೆ ಇದು ಬೇಗ ಆಗುತ್ತದೆ. ಬಡ ಕೈದಿಗಳ ಜಾಮೀನು ಹಣ ಮತ್ತು ದಂಡ ಕಟ್ಟಲು ಕೇಂದ್ರದ ಯೋಜನೆಯೂ ಒಂದಿದೆ, ಅದರ ಬಗ್ಗೆಯೂ ಕೇಳಿ.

ಇನ್ನೊಂದು ಲೆಕ್ಕ ಹಾಕಿ ನೋಡಿ. ಕ್ರಿಮಿನಲ್ ಕೇಸು ಹೇಗೆ ನಡೆಯಬೇಕು ಅಂತ ಹೇಳುವ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದ ವಿಚಾರಣಾಧೀನ ಕೈದಿ ಜಾಮೀನಿಗೆ ಅರ್ಹ. ಹಿಂದೆ ಯಾವ ಕೇಸಿನಲ್ಲೂ ಶಿಕ್ಷೆ ಆಗದವರಿಗೆ ಮೂರನೇ ಒಂದು ಭಾಗ ಸಾಕು. ಗಲ್ಲು ಅಥವಾ ಜೀವಾವಧಿ ಶಿಕ್ಷೆಯ ಕೇಸುಗಳಿಗೆ ಇದು ಅನ್ವಯಿಸಲ್ಲ. ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇದ್ದರೂ ಕಷ್ಟ.

ತಪ್ಪು ಮಾಡಿದವರಿಗೂ ನಮ್ಮ ತೆರಿಗೆ ದುಡ್ಡಲ್ಲಿ ವಕೀಲರು ಯಾಕೆ?

ತಪ್ಪು ಮಾಡಿದ್ದಾರೋ ಇಲ್ಲವೋ ಅಂತ ಗೊತ್ತಾಗುವುದೇ ವಿಚಾರಣೆ ಮುಗಿದ ಮೇಲೆ. ಮುಂಬೈ ದಾಳಿಯ ಕಸಬ್‌ಗೂ ಸರ್ಕಾರ ವಕೀಲರನ್ನು ಕೊಟ್ಟಿತು. 2012ರಲ್ಲಿ ಅವನ ಮರಣದಂಡನೆ ಎತ್ತಿಹಿಡಿದ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್, ವಕೀಲರ ನೆರವು ಪಡೆಯುವ ಹಕ್ಕನ್ನು ಮ್ಯಾಜಿಸ್ಟ್ರೇಟರು ಮೊದಲ ದಿನವೇ ತಿಳಿಸಬೇಕು ಅಂತ ಮತ್ತೆ ಹೇಳಿತು. ವಕೀಲರಿದ್ದಿದ್ದರಿಂದ ಅವನೇನೂ ತಪ್ಪಿಸಿಕೊಳ್ಳಲಿಲ್ಲ. ಆ ತೀರ್ಪಿನ ಮೇಲೆ ಯಾರೂ ಬೆರಳು ತೋರಿಸುವ ಹಾಗೂ ಆಗಲಿಲ್ಲ.

ನೊಂದವರಿಗೆ ಏನಿದೆ?

ನೊಂದವರಿಗೂ ಪ್ಯಾನೆಲ್ ವಕೀಲರು ಸಿಗುತ್ತಾರೆ. ಜೊತೆಗೆ ಪರಿಹಾರ ಇದೆ. ಅಪರಾಧದಿಂದ ನೊಂದವರಿಗೆ ಪರಿಹಾರ ಎಷ್ಟು ಅಂತ ತೀರ್ಮಾನಿಸುವುದು ಇದೇ ಜಿಲ್ಲಾ ಪ್ರಾಧಿಕಾರ. ಆರೋಪಿ ಸಿಗದೇ ಇದ್ದರೂ, ಗುರುತೇ ಹತ್ತದಿದ್ದರೂ ಅರ್ಜಿ ಕೊಡಬಹುದು. ವಿಚಾರಣೆಯನ್ನು 2 ತಿಂಗಳೊಳಗೆ ಮುಗಿಸಬೇಕು. ತುರ್ತು ಚಿಕಿತ್ಸೆಗೆ ಮಧ್ಯಂತರ ಹಣವನ್ನೂ ಕೇಳಬಹುದು. ನಾಲ್ಸಾ 2018ರಲ್ಲಿ ಮಾಡಿದ ಯೋಜನೆಯಲ್ಲಿ ಅತ್ಯಾಚಾರಕ್ಕೆ ಒಳಗಾದವರಿಗೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರವಾದರೆ 5ರಿಂದ 10 ಲಕ್ಷ, ಆ್ಯಸಿಡ್ ದಾಳಿಯಲ್ಲಿ ಮುಖ ವಿರೂಪವಾದರೆ 7ರಿಂದ 8 ಲಕ್ಷ ಅಂತ ಗೊತ್ತು ಮಾಡಿದ್ದಾರೆ. ಠಾಣೆಯಲ್ಲಿ ಎಫ್‌ಐಆರ್ ಆದಮೇಲೆ ಕೇಸು ಮುಗಿಯುವವರೆಗೆ ಕಾಯಬೇಕು ಅಂತ ತಿಳಿದು ಕೂತವರು ತುಂಬಾ ಜನ. ಹಾಗೇನಿಲ್ಲ. ಎಫ್‌ಐಆರ್ ಪ್ರತಿ ಹಿಡಿದು ಹೋಗಿ.

ಲೋಕ ಅದಾಲತ್‌ನಲ್ಲಿ ಕೇಸು ಮುಗಿಸಿಕೊಳ್ಳುವುದು ಒಳ್ಳೆಯದಾ?

ಲೋಕ ಅದಾಲತ್ ಅಂದರೆ ಎರಡೂ ಕಡೆಯವರನ್ನು ರಾಜಿ ಮಾಡಿಸಿ ಕೇಸು ಮುಗಿಸುವ ಜಾಗ. ಒಳ್ಳೆಯದಾ ಅನ್ನುವುದು ಕೇಸಿನ ಮೇಲೆ ಹೋಗುತ್ತದೆ. ವರ್ಷಕ್ಕೆ ಹಲವು ಸಲ, ಸಾಮಾನ್ಯವಾಗಿ ಶನಿವಾರ, ರಾಷ್ಟ್ರೀಯ ಲೋಕ ಅದಾಲತ್ ನಡೆಯುತ್ತದೆ. ಚೆಕ್ ಬೌನ್ಸ್, ವಾಹನ ಅಪಘಾತದ ಪರಿಹಾರ, ಬ್ಯಾಂಕ್ ಸಾಲ, ಪಾಲಿನ ದಾವೆಗಳು ಅಲ್ಲಿಗೆ ಜಾಸ್ತಿ ಬರುತ್ತವೆ. ರಾಜಿ ಆಗಬಾರದ ಅಪರಾಧಗಳನ್ನು ತೆಗೆದುಕೊಳ್ಳಲ್ಲ. 2023ರ ಫೆಬ್ರುವರಿಯಲ್ಲಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಬೆಂಗಳೂರಿನಲ್ಲಿ ಜನ ಮುಗಿಬಿದ್ದಿದ್ದು ನೆನಪಿರಬಹುದು. ಅದರ ಹಿಂದೆ ಇದ್ದದ್ದೂ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರವೇ.

ಲಾಭ ಏನೆಂದರೆ ಒಂದೇ ದಿನಕ್ಕೆ ಮುಗಿಯುತ್ತದೆ, ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತದೆ, ಅಲ್ಲಿ ಆದ ಒಪ್ಪಂದಕ್ಕೆ ಸಿವಿಲ್ ಕೋರ್ಟಿನ ಡಿಕ್ರಿಯಷ್ಟೇ ಬೆಲೆ. ಎದುರಿನವರು ಹಣ ಕೊಡದಿದ್ದರೆ ಒಪ್ಪಂದ ಜಾರಿ ಮಾಡಿಸಿ ಅಂತ ನೇರ ಅಮಲ್ಜಾರಿ ಅರ್ಜಿ ಹಾಕಬಹುದು. ಚೆಕ್ ಬೌನ್ಸ್ ಕೇಸಿಗೂ ಇದು ಅನ್ವಯಿಸುತ್ತದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಎಚ್ಚರ ಬೇಕಾದ ಜಾಗ ಇನ್ನೊಂದಿದೆ. ಸಹಿ ಹಾಕಿದ ಮೇಲೆ ಮೇಲ್ಮನವಿ ಇಲ್ಲ. ಮೋಸದಿಂದ ಸಹಿ ಹಾಕಿಸಿಕೊಂಡರು ಅನ್ನುವಂಥ ಕಾರಣ ಇದ್ದರೆ ಹೈಕೋರ್ಟಿಗೆ ರಿಟ್ ಹಾಕಬಹುದು, ಅದು ದೂರದ ದಾರಿ. ಹಾಗಾಗಿ ಅಪಘಾತದ ಕೇಸಿನಲ್ಲಿ ವಿಮಾ ಕಂಪನಿಯವರು "ಇಷ್ಟಕ್ಕೆ ಒಪ್ಪಿಕೊಳ್ಳಿ, ಇಲ್ಲದಿದ್ದರೆ ಇನ್ನೂ ಐದು ವರ್ಷ" ಅಂದರೆ, ಆಸ್ಪತ್ರೆ ಖರ್ಚು, ಹೋದ ದುಡಿಮೆ, ಮುಂದಿನ ಚಿಕಿತ್ಸೆ ಎಲ್ಲ ಕೂಡಿ ಎಷ್ಟಾಗುತ್ತದೆ ಅಂತ ಮೊದಲೇ ವಕೀಲರ ಜೊತೆ ಲೆಕ್ಕ ಹಾಕಿಕೊಂಡು ಹೋಗಿ. ಅಲ್ಲಿ ಕೂತಿರುವ ನ್ಯಾಯಾಧೀಶರು ಸಲಹೆ ಕೊಡಬಹುದು, ಬಲವಂತ ಮಾಡುವಂತಿಲ್ಲ. ಇಷ್ಟು ಕೇಸು ಇತ್ಯರ್ಥ ಆಯಿತು ಅನ್ನುವ ದೊಡ್ಡ ಸಂಖ್ಯೆ ಮರುದಿನ ಪೇಪರಿನಲ್ಲಿ ಬರುತ್ತದೆ. ಆ ಸಂಖ್ಯೆಗೆ ಒಂದು ಸೇರಿಸುವ ಹಂಗು ನಿಮಗಿಲ್ಲ.

ಖಾಯಂ ಲೋಕ ಅದಾಲತ್ ಅಂದರೆ ಬೇರೆಯದಾ?

ಹೌದು, ಹೆಸರು ಒಂದೇ ಥರ ಇದ್ದರೂ ಕೆಲಸ ಬೇರೆ. ಬಸ್ಸು, ಅಂಚೆ, ಫೋನು, ಕರೆಂಟು, ನೀರು, ಆಸ್ಪತ್ರೆ, ವಿಮೆಯಂಥ ಸಾರ್ವಜನಿಕ ಸೇವೆಗಳ ತಕರಾರು ಇಲ್ಲಿಗೆ ಬರುತ್ತದೆ. ಬೆಂಗಳೂರು, ಮೈಸೂರಿನಂಥ ನಗರಗಳಲ್ಲಿ ಇದೆ. ಕೇಸು ಕೋರ್ಟಿಗೆ ಹೋಗುವ ಮುಂಚೆಯೇ ಇಲ್ಲಿಗೆ ಹೋಗಬೇಕು. ತಕರಾರಿನ ಮೊತ್ತ 1 ಕೋಟಿ ರೂಪಾಯಿಯವರೆಗೆ ಇರಬಹುದು, ಕೋರ್ಟ್ ಫೀ ಇಲ್ಲ. ಮೊದಲು ರಾಜಿಗೆ ಪ್ರಯತ್ನ ಮಾಡುತ್ತಾರೆ. ಆಗದಿದ್ದರೆ, ವಿಷಯ ಅಪರಾಧಕ್ಕೆ ಸಂಬಂಧಿಸಿಲ್ಲದಿದ್ದರೆ, ತಾವೇ ತೀರ್ಪು ಕೊಡುತ್ತಾರೆ. ಸಾಮಾನ್ಯ ಲೋಕ ಅದಾಲತ್‌ಗೆ ಈ ಅಧಿಕಾರ ಇಲ್ಲ. ಆದರೆ ಎದುರು ಪಕ್ಷದವರು ಬರಲೇ ಇಲ್ಲ ಅಂತ ರಾಜಿಯ ಹಂತ ಹಾರಿ ತೀರ್ಪು ಕೊಡುವಂತಿಲ್ಲ. ಕರ್ನಾಟಕದಿಂದ ಹೋದ ಕೆನರಾ ಬ್ಯಾಂಕಿನ ಸಾಲದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಹೀಗೆ ಹೇಳಿದೆ.

ಗಂಡ ಹೆಂಡತಿ ಇಬ್ಬರೂ ಅರ್ಜಿ ಕೊಟ್ಟರೆ?

ಅರ್ಹರಾಗಿದ್ದರೆ ಇಬ್ಬರಿಗೂ ಸಿಗುತ್ತದೆ, ಬೇರೆ ಬೇರೆ ವಕೀಲರು.

ಕೇಸೇನೂ ಇಲ್ಲ. ವೃದ್ಧಾಪ್ಯ ವೇತನ ನಿಂತುಹೋಗಿದೆ, ಅಷ್ಟೇ. ಇದಕ್ಕೂ ಹೋಗಬಹುದಾ?

ಹೋಗಿ. ಪ್ರಾಧಿಕಾರಗಳಲ್ಲಿ ತರಬೇತಿ ಪಡೆದ ಅರೆ ಕಾನೂನು ಸ್ವಯಂಸೇವಕರು ಇರುತ್ತಾರೆ, ಪಿಎಲ್‌ವಿ ಅಂತ ಕರೆಯುತ್ತಾರೆ. ನಿವೃತ್ತ ಮೇಷ್ಟ್ರು, ಕಾನೂನು ವಿದ್ಯಾರ್ಥಿಗಳು, ಅಂಗನವಾಡಿ ಕಾರ್ಯಕರ್ತೆಯರು ಹೀಗೆ ಎಲ್ಲ ಬಗೆಯವರೂ ಇರುತ್ತಾರೆ. ಅರ್ಜಿ ಬರೆದುಕೊಡುವುದು, ತಾಲ್ಲೂಕು ಕಚೇರಿಯಲ್ಲಿ ವಿಚಾರಿಸುವುದು ಇವರ ಕೆಲಸ. ಮಕ್ಕಳು ನೋಡಿಕೊಳ್ಳುತ್ತಿಲ್ಲ ಅನ್ನುವ ಹಿರಿಯರು ಉಪವಿಭಾಗಾಧಿಕಾರಿ ಮುಂದೆ ಅರ್ಜಿ ಹಾಕಲೂ ಇವರು ನೆರವಾಗುತ್ತಾರೆ. ಪ್ರಾಧಿಕಾರದಿಂದ ಒಂದು ಪತ್ರ ಹೋದರೆ ಕೋರ್ಟಿಗೆ ಹೋಗದೆ ಮುಗಿಯುವ ಕೆಲಸಗಳು ಬೇಕಾದಷ್ಟಿವೆ.

ಹೈಕೋರ್ಟ್, ಸುಪ್ರೀಂ ಕೋರ್ಟಿಗೂ ಇದೆಯಾ?

ಇದೆ. ಹೈಕೋರ್ಟಿನ ಬೆಂಗಳೂರು ಪೀಠದಲ್ಲೂ ಧಾರವಾಡ, ಕಲಬುರಗಿ ಪೀಠಗಳಲ್ಲೂ ಕಾನೂನು ಸೇವೆಗಳ ಸಮಿತಿ ಇದೆ. ಬೀದರ್‌ನವರು ಬೆಂಗಳೂರಿಗೆ ಓಡಬೇಕಿಲ್ಲ. ಜೈಲಿನಲ್ಲಿರುವವರು ಜೈಲಿನ ಕಾನೂನು ನೆರವು ಕೇಂದ್ರದ ಮೂಲಕವೇ ಮೇಲ್ಮನವಿಗೆ ಅರ್ಜಿ ಕೊಡಬಹುದು. ಸುಪ್ರೀಂ ಕೋರ್ಟಿಗಾದರೆ ಕನ್ನಡದ ಕಾಗದಗಳನ್ನೆಲ್ಲ ಇಂಗ್ಲಿಷಿಗೆ ಅನುವಾದ ಮಾಡಿಸಬೇಕು. ಆ ಖರ್ಚೂ ನೆರವಿನಲ್ಲೇ ಸೇರುತ್ತದೆ.

ನಾವು ವಿಜಯಪುರದವರು, ದುಡಿಯುವುದು ಗೋವಾದಲ್ಲಿ. ಅಲ್ಲಿ ಗುತ್ತಿಗೆದಾರ ಕೂಲಿ ಕೊಡದೆ ಓಡಿಸಿದ್ದಾನೆ. ಎಲ್ಲಿ ಕೇಳಬೇಕು?

ಕೇಸು ನಡೆಯುವುದು ಗೋವಾದಲ್ಲಿ, ಹಾಗಾಗಿ ವಕೀಲರನ್ನು ಕೊಡುವುದು ಅಲ್ಲಿನ ಪ್ರಾಧಿಕಾರ. ಆದರೆ ನೀವು ಊರಿಗೆ ಬಂದುಬಿಟ್ಟಿದ್ದರೆ ವಿಜಯಪುರದ ಜಿಲ್ಲಾ ಪ್ರಾಧಿಕಾರದಲ್ಲೇ ಕನ್ನಡದಲ್ಲಿ ಅರ್ಜಿ ಕೊಡಿ, ಅವರು ಅಲ್ಲಿಗೆ ಕಳಿಸುತ್ತಾರೆ. ಗುತ್ತಿಗೆದಾರನ ಹೆಸರು, ಕೆಲಸ ಮಾಡಿದ ಕಟ್ಟಡದ ಜಾಗ, ಎಷ್ಟು ದಿನದ ಕೂಲಿ ಬಾಕಿ ಅಂತ ಬರೆಸಿ. ಹಾಜರಿ ಪುಸ್ತಕದ ಫೋಟೊ, ಫೋನ್‌ಪೇಯಲ್ಲಿ ಬಂದ ಹಳೆ ಪಗಾರದ ವಿವರ, ಜೊತೆಗೆ ದುಡಿದವರ ಫೋನ್ ನಂಬರ್ ಇದ್ದರೆ ಅದನ್ನೂ ಲಗತ್ತಿಸಿ. ಸ್ವೀಕೃತಿ ಪತ್ರ ಪಡೆದುಕೊಳ್ಳಿ. ಹತ್ತು ದಿನವಾದರೂ ಗೋವಾದಿಂದ ಕರೆ ಬರದಿದ್ದರೆ ಆ ಪತ್ರ ಹಿಡಿದು ಮತ್ತೆ ಕಾರ್ಯದರ್ಶಿಯವರನ್ನು ನೋಡಿ.